ಒಂದೇ ತಡೆಯುತ್ತದೆ

ಬಿರುಗಾಳಿಯ ಮಾರನೆಯ ದಿನ ಎಷ್ಟು ಚೆಂದ ಆಕಾಶ!
ನಾನೇನೂ ಮಾಡಿಲ್ಲ ಎನ್ನುವ ಹುಡುಗನ ಮುಖ.
ಆಮೇಲೆ ಬಂತು ಬಿಸಿಲು,
ಒದ್ದೆ ಹ್ಯೂಸ್ಟನ್ನಿಗೆ ಮುಚ್ಚಳ ಹಾಕಿ
ಹಬೆಯಲ್ಲಿ ಬೇಯಲು ಇಟ್ಟಿತು.

ಬಿದ್ದದ್ದು ನನ್ನದೇ ಮರ. ಪೆಕಾನ್.
ಮೂರು ವರ್ಷದಿಂದ ಹೇಳುತ್ತಿದ್ದ ಎದುರುಮನೆಯ ಎವಾರಿಸ್ತೊ:
ಆ ಕೊಂಬೆ ತಂತಿಗೆ ತಾಗುತ್ತದೆ, ಕಡಿಸಿ.
ನಿನ್ನ ಹಿತ್ತಲು ನೀನು ನೋಡಿಕೋ ಎಂದಿದ್ದೆ.
ಇನ್ನೂ ಏನೇನೋ ಎಂದಿದ್ದೆ.
ಈಗ ಬೀದಿಯ ನಮ್ಮ ಮಗ್ಗುಲು ಪೂರ್ತಿ ಕತ್ತಲು,
ಅವನ ಮಗ್ಗುಲಲ್ಲಿ ಕಿಟಕಿ ಕಿಟಕಿಗೂ ಏಸಿಯ ಗೊರಕೆ.

ಮೊದಲ ದಿನ ಹಬ್ಬ.
ಫ್ರೀಜರಿನ ಸೀಗಡಿ, ಹಂದಿಯ ಪಕ್ಕೆಲುಬು,
ಮೊಮ್ಮಗಳ ಕೇಕಿನಲ್ಲಿ ಉಳಿದ ಸಕ್ಕರೆಯ ಗುಲಾಬಿ
ಎಲ್ಲ ಒಟ್ಟಿಗೆ ಕರಗತೊಡಗಿ, ಅಂಗಳದಲ್ಲಿ ಇದ್ದಿಲು ಹೊತ್ತಿಸಿ
ಬೀದಿಯನ್ನೇ ಊಟಕ್ಕೆ ಕರೆದೆವು.
ಅವನನ್ನು ಕರೆಯಲಿಲ್ಲ.

ಎರಡನೆಯ ದಿನ ಐಸಿಗೆ ಸಾಲು.
ಮೂರನೆಯ ದಿನ ಸಾಲಿತ್ತು, ಐಸಿರಲಿಲ್ಲ.
ಕಂಪನಿಗೆ ಫೋನು ಮಾಡಿದರೆ ತಣ್ಣನೆಯ ದನಿಯವಳೊಬ್ಬಳು
ನಿಮ್ಮ ತಾಳ್ಮೆಗೆ ವಂದನೆ ಎನ್ನುತ್ತಾಳೆ.
ಎಲ್ಲಿದೆ ತಾಯೀ ತಾಳ್ಮೆ?
ಅದೂ ಫ್ರೀಜರಿನಲ್ಲೇ ಇತ್ತು.

ಐದನೆಯ ರಾತ್ರಿ ಲೂಷಸನ ಹಾಸಿಗೆಯನ್ನು ಬಾಗಿಲಿಗೆಳೆದೆ.
ಒದ್ದೆ ದುಪ್ಪಟಿ ಹೊದಿಸಿದೆ; ಗಳಿಗೆಯಲ್ಲಿ ಅದೂ ಬೆಚ್ಚಗಾಯಿತು.
ಹಡಗುಕಟ್ಟೆಯ ಮೂಟೆಗಳನ್ನು ಹೊತ್ತ ಎದೆ
ಈಗ ಯಂತ್ರವಿಲ್ಲದೆ ಉಸಿರನ್ನೂ ಹೊರಲಾರದು.
ಕೊನೆಯ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿತ್ತು.
ಸ್ಕೂಲ್ ಬಸ್ಸು ಓಡಿಸಿದವಳು ನಾನು,
ಮುಳ್ಳು ಓದಲು ಬರುತ್ತದೆ:
ಇಷ್ಟರಲ್ಲಿ ಇನ್ನೆಷ್ಟು ದೂರ.

ಆಗ ಕಂಡಿತು,
ಬೀದಿ ದಾಟಿ ತೆವಳಿಕೊಂಡು ಬರುತ್ತಿದ್ದ
ಕಿತ್ತಳೆ ಬಣ್ಣದ ವೈರು.
ತುದಿ ಹಿಡಿದು ಬಗ್ಗಿ ಬಗ್ಗಿ
ಚಡ್ಡಿ ಬನಿಯನ್ನಿನಲ್ಲಿ ಎವಾರಿಸ್ತೊ,
ಕಾರಿನ ಗಾಲಿ ತಾಗದ ಹಾಗೆ
ಅದರ ಮೇಲೆ ಹಳೆಯ ಕಾಲೊರಸುಗಳನ್ನು ಹಾಸುತ್ತಾ.
ಮುಖ ಎತ್ತಲಿಲ್ಲ. ಮೆಟ್ಟಿಲ ಮೇಲೆ ತುದಿ ಇಟ್ಟ.
"ಒಂದೇ ತಡೆಯುತ್ತದೆ," ಅಂದ. "ಫ್ಯಾನು ಹಾಕಬೇಡಿ."
ಮರದ ಮಾತು ಅವನೂ ಎತ್ತಲಿಲ್ಲ.

ಯಂತ್ರ ಗುರ್ರೆಂದಿತು.
ಲೂಷಸನ ಎದೆ ಏರಿತು, ಇಳಿಯಿತು, ಏರಿತು.
ರಟ್ಟಿನ ಚೂರು ಬೀಸಿಕೊಳ್ಳುತ್ತಾ
ಬೆವರಿಗೆ ಮೈ ಕೊಟ್ಟು ಕೂತೆ.
ಗಮನಿಸಿದ್ದು ಬೆಳಗಿನ ಜಾವ:
ಆ ಮನೆಯ ಗೊರಕೆ ನಿಂತಿತ್ತು.
ಕಿಟಕಿ ತೆರೆದಿತ್ತು.
ಒಳಗೆ ಅವನೂ ಏನನ್ನೋ ಬೀಸಿಕೊಳ್ಳುತ್ತಿದ್ದ.

ಏಳನೆಯ ದಿನ ಕರೆಂಟು ಬಂತು,
ಆರಿಸಲು ಮರೆತ ದೀಪಗಳೆಲ್ಲ ಹಾಡುಹಗಲಲ್ಲೇ ಉರಿದವು.
ವೈರನ್ನು ಮೊಳಕೈಗೆ ಸುತ್ತಿ ಸುತ್ತಿ
ಬೀದಿ ದಾಟುವಷ್ಟರಲ್ಲಿ
ಕಟ್ಟಿಕೊಂಡು ಹೊರಟ ಮಾತು ಕೈಬಿಟ್ಟಿತು.
"ಪೆಕಾನ್ ಸೌದೆ," ಅಂದೆ,
"ಹೊಗೆ ಒಳ್ಳೆಯದು, ಮಾಂಸಕ್ಕೆ. ಬೇಕಾ?"

ಅವನು ಗರಗಸ ತರಲು ಒಳಗೆ ಹೋದ.