ಎರಡೂವರೆ ನಕ್ಷತ್ರ

ಶುಕ್ರವಾರದ ಮಾರ್ನಿಂಗ್ ಶೋಗೆ ಹನ್ನೊಂದು ಜನ,
ನನ್ನನ್ನೂ ಸೇರಿಸಿ.
ಹಂಪನಕಟ್ಟೆಯ ಹಳೇ ಟಾಕೀಸು; ಪರದೆಯ ಎಡಕ್ಕೊಂದು ಕಲೆ,
ಅಲ್ಲಿ ನಿಂತ ನಾಯಕಿಗೆಲ್ಲ ಪುಕ್ಕಟೆ ಮಚ್ಚೆ.

ಕತೆ ಇಷ್ಟೆ:
ಸತ್ತ ಹುಡುಗಿ, ಬದುಕಿರುವ ಮೆಕ್ಯಾನಿಕ್.
ಅವಳು ಬಂದಳೆಂದರೆ ಅವನ ಸ್ಕೂಟರು ತಾನೇ ಸ್ಟಾರ್ಟು.
ಪ್ರೀತಿ, ಪೇಚು, ಮಂತ್ರವಾದಿಯ ಜಾರುವ ವಿಗ್ಗು,
ಕಡೆಗೆ ಮಂಟಪ. ಮದುಮಗಳ ಕುರ್ಚಿ ಖಾಲಿ,
ಮೇಲೊಂದು ಸೀರೆ.

ನಾನು ದಾವಣಗೆರೆಯವನು. ಈ ಊರಿಗೆ ಬಂದು ಎರಡು ಬೇಸಿಗೆ.
ಸಂಜೆಪತ್ರಿಕೆಗೆ ಬರೆದೆ:
‘ಮೊದಲರ್ಧ ಚುರುಕು. ಆಮೇಲೆ ದೆವ್ವಕ್ಕೇ ಆಕಳಿಕೆ.
ಮದುವೆಯ ದೃಶ್ಯವನ್ನಂತೂ ನಂಬುವುದು ಕಷ್ಟ.
ಯಾವ ತಾಯಿ ಖಾಲಿ ಕುರ್ಚಿಗೆ ಧಾರೆ ಎರೆದಾಳು?’
ಎರಡೂವರೆ ನಕ್ಷತ್ರ. ಆ ಅರ್ಧ, ವಿಗ್ಗಿಗೆ.

ಭಾನುವಾರ ಹೌಸ್‌ಫುಲ್.
‘ಎಂತ ಮಾರಾಯ, ನೀನು ಬೈದದ್ದಕ್ಕೇ ಓಡ್ತಾ ಉಂಟಾ?’
ಎಂದರು ಸಂಪಾದಕರು. ‘ಹೋಗು, ಜನ ಏನು ಹೇಳ್ತಾರೆ ಕೇಳಿಕೊಂಡು ಬಾ.’

ಹೊರಬಾಗಿಲಲ್ಲಿ ನಿಂತೆ, ನೋಟ್‌ಬುಕ್ ಹಿಡಿದು, ಅಪರಾಧಿಯ ಹಾಗೆ.
ಬಂದರಿನ ಐಸ್ ಪ್ಲಾಂಟಿನ ಹಸನಬ್ಬ:
‘ದೆವ್ವ ಭಾರೀ ಲಾಯ್ಕ. ಹೀರೋನೇ ಸ್ವಲ್ಪ ಸತ್ತವನ ಹಾಗೆ.’
ನರ್ಸಿಂಗ್ ಓದುವ ಲವೀನಾ, ಇದು ಮೂರನೇ ಸಲ:
‘ನೈಟ್ ಡ್ಯೂಟಿಯ ಹೆದರಿಕೆ ಉಂಟಲ್ಲ ಸರ್,
ಅದನ್ನು ಇಲ್ಲಿ ಬಂದು ನಗುವುದು.’
ಒಬ್ಬ ಪುಟ್ಟ, ಪಾಪ್‌ಕಾರ್ನ್ ಡಬ್ಬ ತಲೆಗೆ ಹಾಕಿಕೊಂಡೇ ಬಂದ.
ಅವನ ಅಭಿಪ್ರಾಯ ಕೇಳಲಿಲ್ಲ.

ಒಳಗೆ ಕಸ ಗುಡಿಸತೊಡಗಿದ್ದರು.
ಎಫ್ ಸಾಲಿನಲ್ಲಿ ವಾರಿಜಕ್ಕ ಇನ್ನೂ ಕೂತಿದ್ದರು,
ಬೀಡಿ ಸುತ್ತಿ ಸುತ್ತಿ ಚಪ್ಪಟೆಯಾದ ಬೆರಳು
ಮುಂದಿನ ಸೀಟಿನ ಬೆನ್ನ ಮೇಲೆ.
ಹೇಗಿತ್ತು ಅಮ್ಮಾ?
‘ತಪ್ಪು ಉಂಟು.’
ಪೆನ್ನು ಬಿಚ್ಚಿದೆ. ನನ್ನ ಪಕ್ಷಕ್ಕೊಬ್ಬರು ಸಿಕ್ಕರು.

‘ಸೀರೆ ಮಡಚಿ ಇಟ್ಟಿದ್ದಾರೆ. ಬಿಡಿಸಿ ಇಡಬೇಕು,
ಉಟ್ಟ ಹಾಗೆ ಕಾಣುವುದು ಬೇಡವಾ?
ಮತ್ತೆ, ಹುಡುಗ ಬದುಕಿದ್ದಾನೆ. ಅದು ಆಗುವುದಿಲ್ಲ.
ಸತ್ತವಳಿಗೆ ಸತ್ತವನೇ ಆಗಬೇಕು, ಬರಿ ನೋಡಿ, ಜಾತಿ ನೋಡಿ.
ಹೋದ ಆಟಿಯಲ್ಲಿ ನಮ್ಮ ಹರಿಣಾಕ್ಷಿಗೆ ಮಾಡಿದೆವು, ಕುಲೆ ಮದಿಮೆ.
ನಾಲ್ಕು ವರ್ಷಕ್ಕೆ ಜ್ವರದಲ್ಲಿ ಹೋದದ್ದು.
ಮದುವೆಗಾಗುವಾಗ ಇಪ್ಪತ್ತೆರಡು.’

ಪೆನ್ನು ನಿಂತಿತು.
ಅವರು ನಿಲ್ಲಲಿಲ್ಲ:

‘ಗಂಡು ಕಾಪುವಿನವ. ತೊಟ್ಟಿಲಲ್ಲೇ ಹೋದದ್ದು, ಒಳ್ಳೆಯ ಮನೆತನ.
ಸಾರಿಗೆ ಉಪ್ಪು ಕಡಿಮೆ ಅಂತ ಅವರ ಚಿಕ್ಕಪ್ಪನದ್ದು ಒಂದೇ ತಕರಾರು.
ಎಲ್ಲ ಮದುವೆಯಲ್ಲೂ ಇರುವುದೇ ಅಲ್ವಾ?’

ಹಾಗಾದರೆ ಸಿನಿಮಾ ಇಷ್ಟವಾಗಲಿಲ್ಲ?
‘ಯಾರು ಹೇಳಿದ್ದು? ನಕ್ಕು ನಕ್ಕು ಸಾಕಾಯ್ತು ಮಾರ್ರೆ.
ಆ ಹುಡುಗಿ ಸ್ಕೂಟರಿನ ಹಿಂದೆ ಕೂತು
ಪಣಂಬೂರಿಗೆ ಹೋದದ್ದು ಉಂಟಲ್ಲ, ಕೂದಲು ಹಾರಿಸಿಕೊಂಡು.
ನಾವು ಅವಳಿಗೆ ಬಳೆ ಇಟ್ಟೆವು, ಹೂ ಇಟ್ಟೆವು, ಎಲೆ ಹಾಕಿ ಬಡಿಸಿದೆವು.
ಸುತ್ತಾಡಲಿಕ್ಕೆ ಹೋಗಿರಬಹುದು ಅಂತ
ನಮಗೆ ಹೊಳೆಯಲೇ ಇಲ್ಲ ನೋಡಿ.’

ಗುಡಿಸುವವಳು ಪೊರಕೆ ಬಡಿದಳು.
ವಾರಿಜಕ್ಕ ಕಾಲೆತ್ತಿ ಜಾಗ ಬಿಟ್ಟರು.
ಟಿಕೇಟಿನ ತುಂಡನ್ನು ಸೆರಗಿಗೆ ಗಂಟು ಹಾಕಿದರು.

ಅಷ್ಟನ್ನೂ ಬರೆದುಕೊಟ್ಟೆ.
ಸಂಪಾದಕರು ಓದಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು,
‘ಜಾಗ ಇಲ್ಲ’ ಎಂದರು.
ಅಚ್ಚಾದದ್ದು ಒಂದು ಸಾಲು:
‘ಚಿತ್ರಕ್ಕೆ ಕೌಟುಂಬಿಕ ಪ್ರೇಕ್ಷಕರಿಂದ ಉತ್ತಮ ಪ್ರತಿಕ್ರಿಯೆ.’

ರಾತ್ರಿ ಹತ್ತಕ್ಕೆ ಆಫೀಸಿನ ಕೆಳಗೆ
ನನ್ನ ಸ್ಕೂಟರು ಸ್ಟಾರ್ಟ್ ಆಗಲಿಲ್ಲ.
ಐದು ಸಲ ಒದ್ದೆ.
ಆಮೇಲೆ ಯಾಕೋ, ಕರವಸ್ತ್ರ ತೆಗೆದು
ಹಿಂಬದಿಯ ಸೀಟಿನ ಧೂಳು ಒರೆಸಿದೆ.