ಎರಡನೇ ದರ್ಜೆ

ಕಾರ್ಖಾನೆಯ ಗೇಟಿಗಂಟಿದ ಅಂಗಡಿ,
ಉತ್ತರ ಫ್ರಾನ್ಸಿನ ಬೀಟ್‌ಗೆಡ್ಡೆ ಹೊಲಗಳ ನಡುವೆ.
ಜೊಸಿಯಾನ್ ಕೈಗವಸು ಕಳಚಿ
ಬೀಡುಕಬ್ಬಿಣದ ಪಾತ್ರೆಗೆ ಗೆಣ್ಣಿನಿಂದ ಬಡಿಯುತ್ತಾಳೆ:
ಠಣ್.
ಇನ್ನೊಂದು, ಠೊಕ್. ಇದು ಬೇಡ,
ಒಳಗೆಲ್ಲೋ ಸೀಳಿದೆ.

ಇಪ್ಪತ್ತೊಂಬತ್ತು ವರ್ಷ ಇದೇ ಗೋಡೆಯಾಚೆ
ಕುಲುಮೆಯಿಂದ ಬಂದ ಎನಾಮೆಲ್ ಮೈಗಳ ಮೇಲೆ ಕಣ್ಣಾಡಿಸಿ
ಸೂಜಿಮೊನೆಯಷ್ಟು ತೂತಿದ್ದರೂ
ಸೀಮೆಸುಣ್ಣದಲ್ಲಿ ಕಾಟು ಹಾಕಿದವಳು.
ಮನೆಯಲ್ಲಿ ಮಾತ್ರ ಅಲ್ಯೂಮಿನಿಯಂ.
ಸಂಬಳಕ್ಕೂ ಇವುಗಳ ಬೆಲೆಗೂ ಎಣ್ಣೆ ಸೀಗೇಕಾಯಿ.

"ಇದು ತಗೊಳ್ಳಿ ಮದಾಮ್, ಹಗುರ."
ಹಗುರದ್ದು ಈರುಳ್ಳಿಯ ಜೀವ ತೆಗೆಯುತ್ತೆ, ಮಗಾ,
ಭಾರದ್ದು ನನ್ನ ಮಣಿಕಟ್ಟಿನದು.
ತಾಳು, ಯೋಚಿಸಬೇಕು.

ನಾಲ್ಕು ಲೀಟರೋ, ಆರೋ?
ಭಾನುವಾರ ಬಿಯರಿನಲ್ಲಿ ಮೂರು ತಾಸು ಬೇಯುವ ದನದ ಮಾಂಸ,
ಇಸ್ಪೀಟಿಗೆ ಬರುವ ಮೂವರು,
ಅದರಲ್ಲೂ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ
ಹೂವೇ ಅಳಿಸಿಬಿಟ್ಟ ಆ ಫೆರ್ನಾಂಡ್...
ಆರು.

ನೀಲಿಯದರ ಹಿಡಿಯ ಕೆಳಗೆ ಬೆರಳು ತಡೆಯಿತು.
ಕರಿ ಚುಕ್ಕೆ. ಸೂಜಿಮೊನೆ.
ಅಂದಾಗಿದ್ದರೆ ಕಾಟು.
ಉಗುರಿನಿಂದ ಕೆರೆದಳು. ಮುಚ್ಚಳ ಎತ್ತಿ, ಮತ್ತೆ ಮುಚ್ಚಿದಳು.

"ಅದರಲ್ಲೊಂದು ದೋಷವಿದೆ," ಹುಡುಗ ಪ್ರಾಮಾಣಿಕ.
"ಗೊತ್ತು. ಅದಕ್ಕೇ ಕೈಗೆಟುಕಿತು.
ಬಸ್ಸಿನವರೆಗೆ ಹೊತ್ತು ಕೊಡ್ತೀಯಾ?"