ನಿಲ್ಲದ ಗಾಡಿಯ ಬಳೆ

ಕೊಡಗನೂರಿನಲ್ಲಿ ಮೇಲ್ ಗಾಡಿ ನಿಲ್ಲುತ್ತಿರಲಿಲ್ಲ.
ಅದಕ್ಕೇ ಅಪ್ಪನಿಗೆ ಅಲ್ಲಿ ಕೆಲಸ.

ಮಾಯಕೊಂಡ ಬಿಟ್ಟಿತೆಂದು ಒಳಗೆ ಗಂಟೆ ಬಡಿದ ಕೂಡಲೇ
ಪಾಯಿಂಟ್ಸ್‌ಮನ್ ಪಾಲಯ್ಯ ನೀಲಿ ಅಂಗಿಯ ತೋಳು ಮಡಚಿ
ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು
ಹಳಿಯ ಪಕ್ಕಕ್ಕೆ ನಿಲ್ಲುವನು.
ಬಳೆಯ ಬುಡಕ್ಕೆ ತೊಗಲ ಚೀಲ, ಚೀಲದಲ್ಲೊಂದು ಕಬ್ಬಿಣದ ಗುಂಡು.
ತೋಳಹುಣಸೆ ತನಕ ಹಾದಿ ಖಾಲಿ, ಹೋಗು.
ಅಷ್ಟೇ ಅದರ ಮಾತು.

ಗಾಡಿ ಕಣ್ಣಿಗೆ ಕಾಣುವ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು.
ಆಮೇಲೆ ಡೀಸೆಲ್ಲಿನ ಬಿಸಿ, ಬಾಗಿಲಲ್ಲಿ ಬಾಗಿದ ಒಂದು ತೋಳು,
ಬಳೆ ಮಾಯ.
ಆ ತೋಳು ಬಿಸಾಕಿದ ಹಿಂದಿನ ಸ್ಟೇಷನ್ನಿನ ಬಳೆ
ಒಮ್ಮೊಮ್ಮೆ ಜಲ್ಲಿಯ ಮೇಲೆ, ಒಮ್ಮೊಮ್ಮೆ ಅಪ್ಪನ ಮೊಣಕೈ ಮೇಲೆ.
ಒಂದು ನಿಮಿಷವೂ ಹಿಡಿಯದು.
ಮತ್ತೆ ತಂತಿಯ ಮೇಲೆ ಕಾಜಾಣ, ಕೆರೆ ಕಡೆಯ ಗಾಳಿ.

ಓಡುವ ಕಿಟಕಿಯಲ್ಲಿ ಮುಖ ಕಾಣಬೇಕೆಂದರೆ
ಅದರ ಜೊತೆಗೇ ಕತ್ತು ತಿರುಗಿಸಬೇಕು.
ಸುಮ್ಮನೆ ನೆಟ್ಟು ನೋಡಿದರೆ ಬರೀ ಗೆರೆ.
ಇದನ್ನು ನಾನು ಐದನೇ ವಯಸ್ಸಿಗೇ ಕಲಿತಿದ್ದೆ;
ವಾಯೇಜರ್ ಕೂಡ ಹಾಗೇ ಮೈ ತಿರುಗಿಸುತ್ತಾ
ಮಬ್ಬು ಬೆಳಕಿನಲ್ಲಿ ಚಿತ್ರ ತೆಗೆಯಿತೆಂದು
ಬಿ.ಎಸ್ಸಿ.ಯಲ್ಲಿ ಓದಿದಾಗ ನಗು ಬಂತು.

ಎಂಬತ್ತೊಂಬತ್ತರ ಆಗಸ್ಟ್.
ಮಂಡಕ್ಕಿ ಕಟ್ಟಿಕೊಂಡು ಬಂದ ಪೇಪರಿನಲ್ಲಿ ನೆಪ್ಚೂನ್.
ಚಿತ್ರ ಕಪ್ಪುಬಿಳುಪು, ಎಣ್ಣೆ ಬೇರೆ ಹತ್ತಿತ್ತು.
ಕೆಳಗೆ ಬರೆದಿತ್ತು: ಕಡುನೀಲಿ ಗ್ರಹ.
ಎಂಥ ನೀಲಿ ಎಂದು ಕೇಳಿದೆ.
ಅಪ್ಪ ಮೊಣಕೈ ತೋರಿಸಿದ.

'ಹನ್ನೆರಡು ವರ್ಷ ಹೋಗೈತಂತೆ. ಅಲ್ಲಾದ್ರೂ ನಿಲ್ತತೇನು?'
ಇಲ್ಲಪ್ಪ, ಥ್ರೂ.
'ಹಂಗಾರೆ ನಮ್ಮ ಮೇಲೇ ಬಿಡು.'
ಸ್ವಲ್ಪ ಹೊತ್ತು ಬಿಟ್ಟು:
'ಅಲ್ಲಿ ಬಳೆ ಹಿಡಿಯೋನು ಯಾರು?'

ಆ ಪ್ರಶ್ನೆಗೆ ನಾನು ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ
ಇಪ್ಪತ್ತು ವರ್ಷ ತಪ್ಪು ಉತ್ತರ ಹೇಳಿಕೊಂಡು ಬಂದೆ.
ಅಪ್ಪ ಗ್ರಹ, ಗಾಡಿ ನೌಕೆ ಎಂದು.
ನಿಂತವನು ಕೊಟ್ಟ, ಓಡುವುದು ಓಡಿತು ಎಂದು.
ಮೊನ್ನೆ ಬೋರ್ಡಿನ ಮೇಲೆ ಗುರುವಿನ ದಾರಿ ಬರೆಯುತ್ತಾ
ಸೀಮೆಸುಣ್ಣ ಅರ್ಧಕ್ಕೇ ನಿಂತಿತು.
ಗ್ರಹವೆಲ್ಲಿ ನಿಂತಿದೆ? ಓಡುವ ಗಾಡಿ ಅದೇ.
ಅದರ ತೋಳಿಗೆ ಸಿಕ್ಕಿ ಜಗ್ಗಿಸಿಕೊಂಡು
ವೇಗ ಪಡೆದ ಬಳೆ, ನೌಕೆ.

ಗುರು ಜಗ್ಗಿತು. ಶನಿ ಜಗ್ಗಿತು. ಯುರೇನಸ್ಸೂ.
ನೆಪ್ಚೂನ್ ಮಾತ್ರ ಬಿಸಾಕುವ ಕೈ:
ಅಲ್ಲಿ ನೌಕೆ ವೇಗ ಕಳೆದುಕೊಂಡಿತು.
ಮುಂದೆ ಸ್ಟೇಷನ್ನಿಲ್ಲದ ಹಾದಿ,
ಹಿಡಿಯಲು ಯಾರ ಮೊಣಕೈಯೂ ಇಲ್ಲ.

'ಮಿಸ್, ಎಳಕೊಂಡು ಹೋದ ಗ್ರಹಕ್ಕೆ ಏನೂ ಆಗಲ್ವಾ?'
ಭಟ್ಟಿ ಮನೆಯ ತಸ್ಕೀನ್; ಜಡೆಯಲ್ಲಿ ಇನ್ನೂ ಅಕ್ಕಿ ಹೊಟ್ಟು.

ಲೆಕ್ಕ ಕೊಟ್ಟೆ.
ಬಳೆ ಅರ್ಧ ಕಿಲೋ. ಗಾಡಿ ಮುನ್ನೂರು ಟನ್.
ಗಂಟೆಗೆ ನಲವತ್ತೈದು ಕಿಲೋಮೀಟರ್.
ಪಾಲಯ್ಯನ ಕೈಯಿಂದ ಬಳೆ ಕಿತ್ತುಕೊಂಡ ಗಳಿಗೆ
ಮೇಲ್ ಗಾಡಿ ಎಷ್ಟು ನಿಧಾನವಾಯಿತು?

ಹೊರಗೆ ಆಟೋದವನು ಯಾರಿಗೋ ಬೈಯುತ್ತಿದ್ದ.
ಬಿಂದು ಇಟ್ಟು ಅವಳು ಬರೆದಳು: ಸೊನ್ನೆ. ಸೊನ್ನೆ. ಸೊನ್ನೆ.
ಪೆನ್ನು ಎತ್ತಿ ಕೇಳಿದಳು,
'ಸೊನ್ನೆ ಅಂತಲೇ ಬರೀಲಾ ಮಿಸ್?'

ಬೇಡ.
ಇನ್ನೊಂದು ಸೊನ್ನೆ ಹಾಕು. ಅದರ ಆಚೆ
ಒಂದು ಎರಡು ಇದೆ, ನೋಡು.